ಸೀಸನ್ನಿನಲ್ಲಿ ಮನೆಗೂ ಒಂದು ಡೇಟ್ ಬುಕ್ ಮಾಡಿ

ಫೋಟೋಗ್ರಫಿಯನ್ನೇ ನಂಬಿ ಸಂಸಾರ ನಡೆಸುವವರು ನಿಮ್ಮ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಲೆನ್ಸ್ ಬಗ್ಗೆ ಕೇಳಿದವರು ಕಡಿಮೆ, ಮನೆ ಬಗ್ಗೆ ಕೇಳಿದವರೇ ಜಾಸ್ತಿ. ನಾನು ಶಿವಮೊಗ್ಗದಲ್ಲಿ ಮದುವೆ ಫೋಟೋ ತೆಗೆಯುವವಳು. ಅಪ್ಪ ಇಟ್ಟಿದ್ದ ಸ್ಟುಡಿಯೊವನ್ನು ಈಗ ನಾನೂ ನಮ್ಮ ಯಜಮಾನರೂ ನಡೆಸುತ್ತೇವೆ. ವಿಡಿಯೊ ಅವರದು, ಸ್ಟಿಲ್ಸ್ ನನ್ನದು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು, ಅವಳಿಗಿಂತ ಚಿಕ್ಕ ಮಗ, ಅತ್ತೆ ಇದ್ದಾರೆ. ಈ ಮನೆಯಲ್ಲಿ ನಿಂತು ನನಗೆ ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ನನ್ನ ಗಂಡ ಮದುವೆ ಫೋಟೋಗ್ರಾಫರ್. ಸೀಸನ್ ಶುರುವಾದರೆ ಮನೆಯಲ್ಲಿ ಇರುವುದೇ ಇಲ್ಲ. ಇದ್ದ ದಿನವೂ ರಾತ್ರಿ ಎರಡು ಗಂಟೆವರೆಗೆ ಕಂಪ್ಯೂಟರ್ ಮುಂದೆ. ಮಗನ ಸ್ಕೂಲ್ ಡೇಗೂ ಬರಲಿಲ್ಲ. ಕೇಳಿದರೆ "ಇದೆಲ್ಲ ನಿಮಗೋಸ್ಕರ ಅಲ್ವಾ" ಎನ್ನುತ್ತಾರೆ. ಪಾರ್ಟಿಗಳ ಫೋನ್ ಎತ್ತುವುದು, ರೇಟ್ ಹೇಳುವುದು, ಆಲ್ಬಂ ಕೊಟ್ಟು ಕಳಿಸುವುದು ಎಲ್ಲ ನಾನೇ. ಜಗಳ ಆಗದಂತೆ ಇದನ್ನು ಹೇಗೆ ಸರಿ ಮಾಡಲಿ? (ಒಬ್ಬ ಓದುಗಿ, ದಾವಣಗೆರೆ)

ಉತ್ತರ: ನಿಮ್ಮ ಯಜಮಾನರು ಸುಳ್ಳು ಹೇಳುತ್ತಿಲ್ಲ ತಂಗೀ. ಅವರು ನಿಜವಾಗಿಯೂ ನಿಮಗೋಸ್ಕರವೇ ದುಡಿಯುತ್ತಿದ್ದಾರೆ. ಆದರೆ ತಾವು ಎಷ್ಟು ಹೊತ್ತು ದುಡಿಯುತ್ತಿದ್ದೇವೆ ಎಂಬ ಲೆಕ್ಕ ಅವರ ಹತ್ತಿರ ಇಲ್ಲ. ನಮ್ಮ ಲೈನಿನಲ್ಲಿ ಹೆಚ್ಚಿನವರ ಹತ್ತಿರ ಇಲ್ಲ.

ಅಪ್ಪನ ಕಾಲದಲ್ಲಿ ಕೆಲಸ ಛತ್ರದಲ್ಲೇ ಮುಗಿಯುತ್ತಿತ್ತು. ಆಗ 36 ಫ್ರೇಮಿನ, ಅಂದರೆ 36 ಫೋಟೋ ಹಿಡಿಯುವ, ರೋಲು. ಮದುವೆಗೆ ನಾಲ್ಕೈದು ರೋಲು ಖರ್ಚಾದರೆ ಅದು ದೊಡ್ಡ ಮದುವೆ. ಮಾರನೇ ದಿನ ರೋಲುಗಳನ್ನು ಕಲರ್ ಲ್ಯಾಬಿಗೆ ಕೊಟ್ಟರೆ ತೊಳೆಯುವುದು, ಬಣ್ಣ ನೋಡುವುದು, ಪ್ರಿಂಟ್ ಹಾಕುವುದು ಅವರ ಪಾಲು. ಪ್ರಿಂಟ್ ಬಂದ ಮೇಲೆ ಅಪ್ಪ ಆಲ್ಬಮ್ಮಿಗೆ ಅಂಟಿಸಿ ಕೊಡುತ್ತಿದ್ದರು. ಸಂಜೆ ಏಳಕ್ಕೆ ಸ್ಟುಡಿಯೊ ಬಾಗಿಲು ಹಾಕಿ ಬಂದರೆ ಮುಗಿಯಿತು. ಡಿಜಿಟಲ್ ಬಂದ ಮೇಲೆ ಆ ಲ್ಯಾಬಿನ ಕೆಲಸವೆಲ್ಲ ನಮ್ಮ ಮನೆಯ ಮೇಜಿನ ಮೇಲೆ ಬಂತು. ಲ್ಯಾಬಿಗೆ ಕೊಡುತ್ತಿದ್ದ ದುಡ್ಡು ಮಾತ್ರ ರೇಟಿನಲ್ಲಿ ಸೇರಲೇ ಇಲ್ಲ. ನಿಮ್ಮ ಮನೆಯ ರಾತ್ರಿಗಳು ಹೋಗುತ್ತಿರುವುದು ಅಲ್ಲಿ.

ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕೂತು ಬರೆಯಿರಿ. ಸಂಜೆ ವರಪೂಜೆ, ಬೆಳಿಗ್ಗೆ ಧಾರೆ, ಎರಡೂ ಸೇರಿ 3,000 ಫ್ರೇಮ್ ಆಯಿತು ಎಂದುಕೊಳ್ಳಿ. ಕ್ಯಾಂಡಿಡ್, ಅಂದರೆ ಪೋಸ್ ಕೊಡಿಸದ ಫೋಟೋ, ತೆಗೆಯುವವರಿಗೆ ಇದೇನೂ ಜಾಸ್ತಿ ಅಲ್ಲ. ಒಂದೊಂದನ್ನು 3 ಸೆಕೆಂಡ್ ನೋಡಿ ಬೇಕು, ಬೇಡ ಎಂದರೂ ಎರಡೂವರೆ ಗಂಟೆ. ಅದರಲ್ಲಿ 500 ಆರಿಸಿ, ಒಂದೊಂದಕ್ಕೆ ಒಂದೂವರೆ ನಿಮಿಷ ಕೊಟ್ಟು ಬಣ್ಣ ಸರಿ ಮಾಡಿದರೆ ಹನ್ನೆರಡೂವರೆ ಗಂಟೆ. ಆಲ್ಬಂ ಡಿಸೈನು, ಅದಕ್ಕೆ ಎರಡೂ ಕಡೆಯವರು ಹೇಳುವ ತಿದ್ದುಪಡಿ ಸೇರಿ ಇನ್ನೊಂದು ಹತ್ತು. ಅಲ್ಲಿಗೆ ಒಂದು ಮದುವೆಗೆ 25 ಗಂಟೆ, ಛತ್ರದ ಕೆಲಸ ಬಿಟ್ಟು. ತಿಂಗಳಿಗೆ ಆರು ಮದುವೆ ಒಪ್ಪಿಕೊಂಡರೆ 150 ಗಂಟೆ. ಆಫೀಸಿನವರು ದಿನಕ್ಕೆ 8 ಗಂಟೆಯಂತೆ ಹತ್ತಿರ ಹತ್ತಿರ 19 ದಿನ ಕೂತು ಮಾಡುವಷ್ಟು ಕೆಲಸ ಅದು. ಅದನ್ನು ನಿಮ್ಮ ಯಜಮಾನರು ಊಟ ಆದ ಮೇಲೆ ಮಾಡುತ್ತಿದ್ದಾರೆ. ಈ ಹಾಳೆ ಮುಂದಿಟ್ಟರೆ ಜಗಳಕ್ಕೆ ಜಾಗವೇ ಇರುವುದಿಲ್ಲ, ಯಾಕೆಂದರೆ ಅದು ದೂರು ಅಲ್ಲ, ಲೆಕ್ಕ.

ಲೆಕ್ಕ ಆದ ಮೇಲೆ ಏನು ಮಾಡುವುದು? ಬಣ್ಣ ಸರಿ ಮಾಡುವುದನ್ನೂ ಆಲ್ಬಂ ಡಿಸೈನನ್ನೂ ಹೊರಗೆ ಕೊಡಿ. ಎಲ್ಲ ಊರಿನಲ್ಲೂ ಈಗ ಎಡಿಟಿಂಗ್ ಮಾಡುವ ಹುಡುಗ ಹುಡುಗಿಯರಿದ್ದಾರೆ. ಅವರ ಕೂಲಿಯನ್ನು ಪ್ಯಾಕೇಜಿನಲ್ಲೇ ಸೇರಿಸಿ ರೇಟ್ ಹೇಳಿ. ಇಬ್ಬರು ಪಾರ್ಟಿ ಬೇಡ ಎನ್ನಬಹುದು, ಹೋಗಲಿ ಬಿಡಿ. ಆರು ಮದುವೆಯ ಜಾಗದಲ್ಲಿ ನಾಲ್ಕು ಆದರೆ ಮನೆಯಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಆದರೆ ಫೋಟೋ ಆರಿಸುವ ಕೆಲಸವನ್ನು ಮಾತ್ರ ನಿಮ್ಮ ಯಜಮಾನರೇ ಮಾಡಲಿ. ಮಗಳ ಕೈಯನ್ನು ಧಾರೆ ಎರೆದು ಕೊಟ್ಟ ಮೇಲೆ ತಂದೆ ಎತ್ತ ನೋಡಿದರು ಎಂಬುದು ಮಂಟಪದ ಹತ್ತಿರ ನಿಂತವರಿಗೇ ಗೊತ್ತು. ಎಡಿಟರ್ ಅದನ್ನು ಕಣ್ಣು ಅರ್ಧ ಮುಚ್ಚಿದೆ ಎಂದು ತೆಗೆದುಹಾಕುತ್ತಾನೆ. ಎರಡೂವರೆ ಗಂಟೆಯ ಕೆಲಸದಿಂದ ಸಂಸಾರ ಕೆಡುವುದಿಲ್ಲ.

ಫೋಟೋ ಯಾವಾಗ ಸಿಗುತ್ತದೆ ಎಂದು ಬುಕಿಂಗ್ ದಿನವೇ ಬರೆದು ಕೊಡಿ. ಮೂರು ದಿನದಲ್ಲಿ ಮೂವತ್ತು ಫೋಟೋ, ಉಳಿದದ್ದು ನಲವತ್ತೈದು ದಿನಕ್ಕೆ, ಹೀಗೆ. "ಮುಂದಿನ ವಾರ ಕೊಡ್ತೀವಿ" ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದೇ ರಾತ್ರಿ ಎರಡರವರೆಗೆ ಕೂರಿಸುವುದು.

ಇನ್ನು ಸ್ಕೂಲ್ ಡೇ ವಿಷಯ. ನಮ್ಮ ಕಡೆ ಹಿಂದೂ ಮದುವೆಗಳ ಸೀಸನ್ನನ್ನು ಪಂಚಾಂಗ ಹೇಳುತ್ತದೆ. ಆಷಾಢ, ಪಿತೃಪಕ್ಷ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗಿನ ಧನುರ್ಮಾಸ, ಈ ದಿನಗಳಲ್ಲಿ ಮುಹೂರ್ತ ಇಡುವುದಿಲ್ಲ. ಗುರು, ಶುಕ್ರ ಅಸ್ತವಾದ ದಿನಗಳೂ ಖಾಲಿ. ಕೇಳಲಿಕ್ಕೆ ಬೇಕಾದಷ್ಟು ರಜೆ ಇದ್ದ ಹಾಗಿದೆ, ಅಲ್ವಾ? ಆದರೆ ಆಷಾಢ ಬರುವ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಮಕ್ಕಳಿಗೆ ಬೇಸಿಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮ ಕೈ ತುಂಬ ಕೆಲಸ ಇರುವುದೂ ಆಗಲೇ. ಮಕ್ಕಳು ಮನೆಯಲ್ಲಿದ್ದಾಗ ನಾವು ಛತ್ರದಲ್ಲಿ, ನಾವು ಮನೆಯಲ್ಲಿದ್ದಾಗ ಮಕ್ಕಳು ಶಾಲೆಯಲ್ಲಿ. ಹಾಗಾಗಿ "ಸೀಸನ್ ಮುಗಿಯಲಿ, ಆಮೇಲೆ ನೋಡೋಣ" ಎಂಬ ಮಾತು ಮಕ್ಕಳ ವಿಷಯದಲ್ಲಿ ನಡೆಯುವುದಿಲ್ಲ.

ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದ ದಿನ ನಾವು ಎಲ್ಲರೂ ಆರ್ಡರ್ ಪುಸ್ತಕ ಇಟ್ಟುಕೊಂಡು ಕೂರುತ್ತೇವೆ. ಹುಟ್ಟುಹಬ್ಬ, ಅತ್ತೆಯ ಕಣ್ಣಿನ ತಪಾಸಣೆ, ನಾದಿನಿ ಮನೆಯ ಗೃಹಪ್ರವೇಶ, ಬೇಸಿಗೆ ರಜೆಯಲ್ಲಿ ಒಂದು ಪೂರ್ತಿ ವಾರ, ದಸರಾ ರಜೆಯಲ್ಲಿ ಒಂದು ಪ್ರವಾಸ, ಇವೆಲ್ಲ ಮೊದಲು ಬರೆದಾಗುತ್ತದೆ. ಸ್ಕೂಲ್ ಡೇ ತಾರೀಕು ಶಾಲೆಯವರು ಹೇಳಿದ ಸಂಜೆಯೇ ಪುಸ್ತಕಕ್ಕೆ ಹತ್ತುತ್ತದೆ. ಆಮೇಲೆ ಆ ದಿನಕ್ಕೆ ಯಾರೇ ಫೋನ್ ಮಾಡಲಿ, "ಆ ಡೇಟ್ ಬುಕ್ ಆಗಿದೆ" ಎನ್ನುತ್ತೇವೆ. ಯಾರಿಗೆ ಎಂದು ಹೇಳಬೇಕಾಗಿಲ್ಲ. ಆ ಆರ್ಡರನ್ನು ನಂಬಿಕೆಯ ಇನ್ನೊಬ್ಬ ಫೋಟೋಗ್ರಾಫರಿಗೆ ಕಳಿಸಿ. ಅವರ ಮನೆಯಲ್ಲಿ ಕಾರ್ಯ ಇದ್ದಾಗ ಅವರು ನಿಮಗೆ ಕಳಿಸುತ್ತಾರೆ.

ಮುಹೂರ್ತ ಇಡದ ಅಧಿಕ ಮಾಸದ ಮೇಲೂ ಒಂದು ಕಣ್ಣಿರಲಿ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ನಮ್ಮ ದುಡಿಮೆಗೆ ಅಷ್ಟು ಹೊಡೆತ ಬೀಳಲಿಲ್ಲ. 2026ರದು ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಸೀಸನ್ನಿನ ಹೊಟ್ಟೆಯೊಳಗೇ ಒಂದು ತಿಂಗಳು ಹೋಗುವ ಇಂಥ ವರ್ಷದಲ್ಲಿ ದುಡ್ಡಿನ ಏರ್ಪಾಡು ಮೊದಲೇ ಆಗಬೇಕು. ನಿಖಾ, ಚರ್ಚ್ ಮದುವೆಗಳನ್ನೂ ಮಾಡುವವರಾದರೆ ಅವರವರ ಕ್ಯಾಲೆಂಡರ್ ಬೇರೆ, ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಕೊನೆಯದು ನಿಮ್ಮ ಬಗ್ಗೆ. ಫೋನ್, ರೇಟ್, ಆಲ್ಬಂ ಎಲ್ಲ ನೋಡಿಕೊಳ್ಳುವವರನ್ನು ಸ್ಟುಡಿಯೊಗಳು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತವೆ. ನಿಮಗೂ ಪ್ರತಿ ಆರ್ಡರಿನಿಂದ ಇಂತಿಷ್ಟು ಎಂದು ನಿಮ್ಮ ಹೆಸರಿನ ಖಾತೆಗೆ ಬರಬೇಕು. ಮನೆಯ ದುಡ್ಡೇ ತಾನೇ ಎಂದು ನೀವೇ ಬಿಟ್ಟುಕೊಡಬೇಡಿ. ರಾತ್ರಿ ಎಂಟರ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿಯೇ "ಬೆಳಿಗ್ಗೆ ಹತ್ತಕ್ಕೆ ಉತ್ತರಿಸುತ್ತೇವೆ" ಎಂದು ಹೋಗುವ ಹಾಗೆ ಮಾಡಿ. ಬಿಸಿನೆಸ್ ಖಾತೆಯಲ್ಲಿ ಆ ಸೌಲಭ್ಯ ಇದೆ.

ಪ್ರಶ್ನೆ: ಮೇಡಂ, ಮಗುವಿಗೆ ಎಂಟು ತಿಂಗಳು. ಸಿಸೇರಿಯನ್ ಆಗಿತ್ತು. ಹೆರಿಗೆಗೆ ಮುಂಚೆ ಬೆಂಗಳೂರಿನ ಒಂದು ಟೀಮಿನಲ್ಲಿ ಎರಡನೇ ಕ್ಯಾಮೆರಾ ಮಾಡುತ್ತಿದ್ದೆ. ಈಗ ನಮ್ಮೂರಿನಲ್ಲೇ ಸ್ವಂತ ಶುರು ಮಾಡುವ ಆಸೆ. ಗಂಡ ಹೂಂ ಎನ್ನುತ್ತಾರೆ. ಅತ್ತೆ "ಮಗು ಬಿಟ್ಟು ರಾತ್ರಿ ಹೊತ್ತು ಛತ್ರಕ್ಕೆ ಹೋಗ್ತೀಯಾ" ಎಂದು ಕೇಳುತ್ತಾರೆ. ಮದುವೆ ಬಿಟ್ಟು ಬರೀ ಬೇಬಿ ಶೂಟ್ ಮಾಡಿದರೆ ಸಾಕಾ? (ಓದುಗಿ, ತಿಪಟೂರು)

ಉತ್ತರ: ಮದುವೆ ಬಿಡಬೇಡಿ, ಆದರೆ ಮದುವೆಯ ಎಲ್ಲವನ್ನೂ ತೆಗೆದುಕೊಳ್ಳಬೇಡಿ. ಆರತಕ್ಷತೆ ರಾತ್ರಿ ಹನ್ನೊಂದರವರೆಗೆ ಎಳೆಯುತ್ತದೆ, ಫೋಟೋ ಮಾತ್ರ ಎಲ್ಲ ಒಂದೇ ರೀತಿ, ಸಾಲಿನಲ್ಲಿ ನಿಂತು ನಗುವುದು. ಅದನ್ನು ಬೇರೆಯವರಿಗೆ ಬಿಡಿ. ಧಾರೆಯ ಬೆಳಿಗ್ಗೆ, ಅದರಲ್ಲೂ ಹೆಣ್ಣಿನ ಕೋಣೆ, ನಿಮ್ಮದಾಗಲಿ. ಸೀರೆ ಉಡಿಸುವಾಗ, ಜಡೆಗೆ ಹೂವು ಮುಡಿಸುವಾಗ, ಅಕ್ಕತಂಗಿಯರು ಸುತ್ತ ಕೂತು ತಮಾಷೆ ಮಾಡುವಾಗ ಅಲ್ಲಿ ಹೆಣ್ಣು ಫೋಟೋಗ್ರಾಫರ್ ಇರಲಿ ಎಂದು ಬಯಸುವ ಮನೆಗಳು ಬಹಳ. ಅಷ್ಟಕ್ಕೇ ಪ್ರತ್ಯೇಕ ರೇಟ್ ಇಡಬಹುದು. ಊರಿನ ಇನ್ನೊಬ್ಬ ಫೋಟೋಗ್ರಾಫರ್ ಜೊತೆ ಮಾತಾಡಿಕೊಂಡರೆ ಮಂಟಪ ಅವರು, ಕೋಣೆ ನೀವು.

ಮೊದಲ ವರ್ಷ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುವ ಕಾರ್ಯಗಳಿಂದ ಶುರು ಮಾಡಿ. ಸೀಮಂತ, ನಾಮಕರಣ, ಗೃಹಪ್ರವೇಶ, ಅಕ್ಷರಾಭ್ಯಾಸ. ಅರ್ಧ ಗಂಟೆಯಲ್ಲಿ ಮನೆ ಸೇರುವಷ್ಟು ಹತ್ತಿರ ಇರಲಿ. ಛತ್ರಕ್ಕೆ ಮಗುವನ್ನು ಕರೆದುಕೊಂಡು ಹೋಗುವ ದಿನ ಬಂದರೆ, ಬುಕಿಂಗ್ ಸಮಯದಲ್ಲೇ ಚಿಲಕ ಇರುವ ಒಂದು ಕೋಣೆ ಬೇಕು ಎಂದು ಕೇಳಿ. ಹಾಲು ಕುಡಿಸಲಿಕ್ಕೆ ಎಂದು ನಾಚಿಕೆ ಇಲ್ಲದೆ ಹೇಳಿ. ಮದುವೆ ಮನೆಯ ಹೆಂಗಸರು ಇದಕ್ಕೆ ಇಲ್ಲ ಎಂದದ್ದನ್ನು ನಾನು ನೋಡಿಲ್ಲ. ಎಷ್ಟೋ ಸಲ ಯಾರೋ ಒಬ್ಬ ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಊಟದ ಹಾಲ್ ಸುತ್ತಿಸಿಕೊಂಡು ಬಂದಿರುತ್ತಾರೆ.

ಬೆನ್ನಿನ ಬಗ್ಗೆ ಎಚ್ಚರ. ದೂರದಿಂದ ತೆಗೆಯುವ 70-200 ಎಫ್ 2.8 ಜೂಮ್ ಲೆನ್ಸ್ ಒಂದೇ ಒಂದರಿಂದ ಒಂದೂವರೆ ಕೆಜಿ. ಎರಡು ಕ್ಯಾಮೆರಾ ಬಾಡಿ, ಎರಡು ಜೂಮ್ ಹೊತ್ತು ಆರು ಗಂಟೆ ನಿಂತರೆ ಹೊಲಿಗೆ ಹಾಕಿದ ಹೊಟ್ಟೆ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ. ಡಾಕ್ಟರನ್ನು ಕೇಳದೆ ಅಷ್ಟು ಭಾರ ಹೊರಬೇಡಿ. ಹೆಣ್ಣಿನ ಕೋಣೆಯ ಕೆಲಸಕ್ಕೆ ಒಂದು ಹಗುರ ಬಾಡಿ, ಜೂಮ್ ಇಲ್ಲದ 35 ಎಂಎಂ ಪ್ರೈಮ್ ಲೆನ್ಸ್ ಸಾಕು. ಎರಡು ಮೆಮೊರಿ ಕಾರ್ಡ್ ಹಾಕುವ ಬಾಡಿ ಆದರೆ ಒಳ್ಳೆಯದು. ಒಂದು ಕಾರ್ಡ್ ಕೈಕೊಟ್ಟರೂ ರಾತ್ರಿ ನಿದ್ದೆ ಬರುತ್ತದೆ.

ಬೇಬಿ ಶೂಟ್ ಸುಲಭದ ಕೆಲಸ ಎಂದುಕೊಳ್ಳಬೇಡಿ. ಹುಟ್ಟಿದ ಮಕ್ಕಳ ಮಲಗಿದ ಭಂಗಿಯ ಫೋಟೋಗಳನ್ನು ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ತೆಗೆಯುತ್ತಾರೆ. ನಮ್ಮಲ್ಲಿ ಆ ದಿನಗಳಲ್ಲಿ ಬಾಣಂತಿ, ಮಗು ಹೊಸ್ತಿಲು ದಾಟುವುದಿಲ್ಲ. ನೀವೇ ಅವರ ಮನೆಗೆ ಹೋಗಬೇಕು. ಕೈ ತೊಳೆದು, ಕೋಣೆ ಬೆಚ್ಚಗಿಟ್ಟು, ಕಿಟಕಿ ಬೆಳಕಿನಲ್ಲಿ, ಮಗುವಿನ ಮರ್ಜಿ ಕಾದು ತೆಗೆಯಬೇಕು. ಮಗು ಗದ್ದವನ್ನು ತನ್ನ ಎರಡು ಕೈ ಮೇಲೆ ಇಟ್ಟುಕೊಂಡ ಫೋಟೋ ನೋಡಿರುತ್ತೀರಿ. ದೊಡ್ಡವರು ಒಮ್ಮೆ ತಲೆ, ಒಮ್ಮೆ ಕೈ ಹಿಡಿದು ತೆಗೆದ ಎರಡು ಫೋಟೋಗಳನ್ನು ಸೇರಿಸಿ ಅದನ್ನು ಮಾಡುತ್ತಾರೆ. ಕಲಿಯದೆ, ಪಕ್ಕದಲ್ಲಿ ಹಿಡಿಯುವವರಿಲ್ಲದೆ ಅಂಥದ್ದಕ್ಕೆ ಕೈ ಹಾಕಲೇಬೇಡಿ. ನೀವೂ ತಾಯಿ, ಹೆಚ್ಚು ಹೇಳಬೇಕಿಲ್ಲ.

ನಿಮ್ಮ ಅತ್ತೆಯ ಪ್ರಶ್ನೆ ನನಗೆ ತಪ್ಪು ಅನ್ನಿಸಲಿಲ್ಲ. ಮಗುವನ್ನು ನೋಡಿಕೊಳ್ಳುವವರು ಅವರು, ಕೇಳುವ ಹಕ್ಕು ಅವರಿಗಿದೆ. ಹಿಂದಿನ ರಾತ್ರಿ "ನಾಳೆ ಶೂಟ್ ಇದೆ" ಎಂದು ಹೇಳುವ ಬದಲು ಆರ್ಡರ್ ಒಪ್ಪುವ ಮೊದಲು "ಅತ್ತೆ, 14ನೇ ತಾರೀಕು ಬೆಳಿಗ್ಗೆ ನಿಮಗೆ ಆಗುತ್ತಾ?" ಎಂದು ಕೇಳಿ. ಆಗುವುದಿಲ್ಲ ಎಂದರೆ ಆ ದಿನ ಒಪ್ಪಬೇಡಿ, ಇಲ್ಲವೇ ದುಡ್ಡು ಕೊಟ್ಟು ಬೇರೆಯವರನ್ನು ಗೊತ್ತು ಮಾಡಿ. ನಮ್ಮ ಅತ್ತೆ ಈಗ ಆರ್ಡರ್ ಪುಸ್ತಕವನ್ನು ನನಗಿಂತ ಮೊದಲು ತೆರೆದು ನೋಡುತ್ತಾರೆ.

ದುಡ್ಡಿನ ಒಂದು ಮಾತು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ ನಂತರ, ಅದರ ವ್ಯಾಪ್ತಿಗೆ ಬರುವ ನೌಕರಿಯಲ್ಲಿರುವ ಹೆಂಗಸರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಸ್ವಂತ ಕ್ಯಾಮೆರಾ ಹಿಡಿದ ನಮಗೆ ಆ ಕಾನೂನು ಅನ್ವಯಿಸುವುದಿಲ್ಲ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಈಗಿನಿಂದಲೇ ಪ್ರತಿ ಆರ್ಡರಿನಲ್ಲಿ ಸ್ವಲ್ಪ ಆ ಆರು ತಿಂಗಳಿಗೆ ಎಂದು ಬೇರೆ ತೆಗೆದಿಡಿ.

ಪ್ರಶ್ನೆ: ಮಕ್ಕಳ ಫೋಟೋಗ್ರಫಿ ಮಾಡುತ್ತೇನೆ. ಪೇಜಿನಲ್ಲಿ ನನ್ನ ಒಂಬತ್ತು ವರ್ಷದ ಮಗಳ ಫೋಟೋಗಳಿಗೇ ಜಾಸ್ತಿ ಲೈಕ್, ಅದರಿಂದಲೇ ಆರ್ಡರ್ ಬರುತ್ತವೆ. ಈಚೆಗೆ ಅವಳು "ನಂದು ಹಾಕಬೇಡ ಅಪ್ಪ" ಎನ್ನುತ್ತಿದ್ದಾಳೆ. ಹೇಗೆ ಒಪ್ಪಿಸಲಿ? (ಓದುಗ, ಮಂಡ್ಯ)

ಉತ್ತರ: ಒಪ್ಪಿಸಬೇಡಿ. ಹಾಕುವುದನ್ನು ಇಂದೇ ನಿಲ್ಲಿಸಿ. ಈಗಾಗಲೇ ಹಾಕಿದ್ದನ್ನು ಅವಳ ಪಕ್ಕ ಕೂತು ಒಂದೊಂದೇ ತೋರಿಸಿ, ಅವಳು ಬೇಡ ಎಂದದ್ದನ್ನು ತೆಗೆದುಹಾಕಿ. ಆರ್ಡರ್ ಕಡಿಮೆ ಆದರೆ ಹತ್ತಿರದ ಒಂದೆರಡು ಕುಟುಂಬಗಳಿಗೆ ಉಚಿತವಾಗಿ ಶೂಟ್ ಮಾಡಿಕೊಟ್ಟು, ಅವರು ಬರೆದು ಒಪ್ಪಿದರೆ ಆ ಫೋಟೋ ಹಾಕಿ. ಮಗಳ ಫೋಟೋ ತೆಗೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಮನೆಗೆ ಎಂದು ತೆಗೆಯಿರಿ, ಪ್ರಿಂಟ್ ಹಾಕಿಸಿ ಅವಳ ಕೈಗೆ ಕೊಡಿ.

ಪ್ರಶ್ನೆ: ನಾನೂ ಹೆಂಡತಿಯೂ ಇಬ್ಬರೂ ಮದುವೆ ಫೋಟೋ ತೆಗೆಯುತ್ತೇವೆ. ಎರಡು ತೊಂದರೆ. ಕಾರ್ಯ ಮುಗಿದ ಮೇಲೆ ಬಾಕಿ ಹಣ ಬರುವುದೇ ಇಲ್ಲ, ಇತ್ತ ಮಗಳ ಫೀಸು, ಕ್ಯಾಮೆರಾ ಕಂತು. ಇನ್ನೊಂದು, ಜನ ಅವಳನ್ನು ನನ್ನ ಅಸಿಸ್ಟೆಂಟ್ ಎಂದೇ ತಿಳಿಯುತ್ತಾರೆ. ಅವಳು ಸುಮ್ನೆ ಇದ್ದರೂ ಬೇಜಾರಾಗಿರುವುದು ನನಗೆ ಗೊತ್ತಾಗುತ್ತದೆ. (ಓದುಗ, ಉಡುಪಿ)

ಉತ್ತರ: ಹಣವನ್ನು ಮೂರು ಪಾಲು ಮಾಡಿ. ಬುಕಿಂಗಿಗೆ ಒಂದು, ಮದುವೆಗೆ ಒಂದು ವಾರ ಮುಂಚೆ ಒಂದು, ಆಲ್ಬಂ ಪ್ರಿಂಟಿಗೆ ಹೋಗುವ ಮೊದಲು ಕೊನೆಯದು. ಧಾರೆ ದಿನ ಹೆಣ್ಣಿನ ತಂದೆಯ ಹತ್ತಿರ ದುಡ್ಡು ಕೇಳುವುದು ನಮಗೂ ಚೆನ್ನಲ್ಲ, ಅವರಿಗೂ ಚೆನ್ನಲ್ಲ. ಎಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಅದರಲ್ಲೇ ಫೋಟೋ ಹಕ್ಕಿನ ವಿಷಯವೂ ಬರಲಿ. 1957ರ ಕಾಪಿರೈಟ್ ಕಾಯಿದೆ ಪ್ರಕಾರ ದುಡ್ಡು ಕೊಟ್ಟು ಫೋಟೋ ತೆಗೆಸಿದವರೇ ಅದರ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ. ನಿಮ್ಮ ಪೇಜಿನಲ್ಲಿ ಹಾಕಬೇಕಾದರೆ ಬರಹದಲ್ಲಿ ಒಪ್ಪಿಗೆ ಇರಲಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆಡಿಟರ್ ಒಬ್ಬರನ್ನು ಈಗಲೇ ಹಿಡಿದುಕೊಳ್ಳಿ.

ಎರಡನೆಯ ವಿಷಯಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಹೋಮೈ ವ್ಯಾರಾವಾಲಾ ಹೆಸರು ನೀವು ಕೇಳಿರಬಹುದು. 1913ರಲ್ಲಿ ಹುಟ್ಟಿದವರು, ಭಾರತದ ಮೊದಲ ಮಹಿಳಾ ಫೋಟೋ ಪತ್ರಕರ್ತೆ. ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಗಂಡ ಮಾಣೆಕ್‌ಶಾ ಕೂಡ ಫೋಟೋಗ್ರಾಫರ್. ಆಮೇಲೆ ಹೋಮೈ ದೆಹಲಿಯಲ್ಲಿ ಮಗನನ್ನು ಬೆಳೆಸುತ್ತಲೇ ದೇಶದ ಎಷ್ಟೋ ದೊಡ್ಡ ದಿನಗಳನ್ನು ತೆಗೆದರು. 2011ರಲ್ಲಿ ಪದ್ಮವಿಭೂಷಣ ಬಂತು. ಅವರ ಶುರುವಿನ ಕಾಲಕ್ಕೆ ಬೇರೆ ದಾರಿ ಇರಲಿಲ್ಲವೇನೋ. ನಿಮಗಿದೆ. ಬೋರ್ಡಿನಲ್ಲಿ, ಕೊಟೇಶನ್ನಿನಲ್ಲಿ, ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ಇಬ್ಬರ ಹೆಸರೂ ಇರಲಿ. ಪಾರ್ಟಿಯವರು ಮೊದಲ ಸಲ ಮನೆಗೆ ಬಂದಾಗ ಮಾತು ನಿಮ್ಮ ಹೆಂಡತಿಯೇ ಶುರು ಮಾಡಲಿ, ನೀವು ಕಾಫಿ ತನ್ನಿ. ಛತ್ರದಲ್ಲಿ ಯಾರಾದರೂ "ನಿಮ್ಮ ಅಸಿಸ್ಟೆಂಟ್" ಎಂದರೆ "ಅವರು ಫೋಟೋಗ್ರಾಫರ್, ಅವರನ್ನೇ ಕೇಳಿ" ಎನ್ನಿ. ಇದನ್ನು ಅವರು ಹೇಳಿಕೊಳ್ಳಬಾರದು, ನೀವು ಹೇಳಬೇಕು.

ಪ್ರಶ್ನೆ: ಅಕ್ಕಾ, ನನಗೆ 27. ಸ್ವಂತ ಸ್ಟುಡಿಯೊ ಇದೆ. ಒಂದು ಕಡೆ ಹೆಣ್ಣು ನೋಡಿ ಇಬ್ಬರಿಗೂ ಒಪ್ಪಿಗೆಯಾಗಿದೆ. ಆದರೆ ಹುಡುಗಿಯ ತಂದೆ "ಫೋಟೋ ತೆಗೆಯೋದು ಗ್ಯಾರಂಟಿ ಇಲ್ಲದ ಕೆಲಸ" ಎಂದು ಹಿಂದೆಮುಂದೆ ನೋಡುತ್ತಿದ್ದಾರೆ. ಏನು ಹೇಳಲಿ? (ಓದುಗ, ಹಾವೇರಿ)

ಉತ್ತರ: ಬಾಯಿಮಾತಿನಲ್ಲಿ ಏನೂ ಹೇಳಬೇಡಪ್ಪಾ, ಕಾಗದ ತೋರಿಸು. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಪಾಸ್‌ಬುಕ್, ಬರುವ ಸೀಸನ್ನಿಗೆ ಬಂದಿರುವ ಅಡ್ವಾನ್ಸ್. ರಿಟರ್ನ್ಸ್ ಹಾಕಿಲ್ಲದಿದ್ದರೆ ಈ ವರ್ಷದಿಂದ ಹಾಕು, ಮುಂದೆ ಮನೆ ಸಾಲಕ್ಕೂ ಅದೇ ಬೇಕು. ಆಷಾಢದಿಂದ ಪಿತೃಪಕ್ಷದವರೆಗೆ ಆರ್ಡರ್ ಇಲ್ಲದೆಯೂ ಮನೆ ನಡೆಯುವಷ್ಟು ಹಣ ಬೇರೆ ಇಟ್ಟಿದ್ದೇನೆ ಎಂದು ತೋರಿಸಿದರೆ ಅವರ ಅರ್ಧ ಭಯ ಹೋಗುತ್ತದೆ. ಹೆಣ್ಣು ಹೆತ್ತವರ ಭಯ ಅದು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ತಂದೆಗೆ ಹೇಳುವುದಕ್ಕಿಂತ ಮೊದಲು ಆ ಹುಡುಗಿಗೆ ಹೇಳಬೇಕಾದದ್ದು ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಭಾನುವಾರ ನಾನು ಸಿಗುವುದಿಲ್ಲ, ನಿನ್ನ ಚಿಕ್ಕಪ್ಪನ ಮಗಳ ಮದುವೆಗೂ ತಡವಾಗಿ ಬರಬಹುದು ಎಂದು ಬಿಡಿಸಿ ಹೇಳು. ಯಾವ ತಿಂಗಳು ಪೂರ್ತಿ ಸಿಗುತ್ತೇನೆ ಎಂಬುದನ್ನೂ ಹೇಳು. ಅವಳ ಕೆಲಸ ಏನು, ಅವಳಿಗೆ ಯಾವ ದಿನಗಳು ಮುಖ್ಯ ಎಂದು ಕೇಳಿ ಬರೆದುಕೋ. ಇದೆಲ್ಲ ಕೇಳಿದ ಮೇಲೂ ಅವಳು ಹೂಂ ಎಂದರೆ ತಂದೆಯನ್ನು ಒಪ್ಪಿಸುವುದನ್ನು ಅವಳೇ ನಿನಗಿಂತ ಚೆನ್ನಾಗಿ ಮಾಡುತ್ತಾಳೆ.

ಮದುವೆ ಗೊತ್ತಾದರೆ ಫೋಟೋಗೆ ಗೆಳೆಯನೊಬ್ಬನನ್ನು ಈಗಲೇ ಬುಕ್ ಮಾಡು. ಅವನಿಗೆ ಪೂರ್ತಿ ರೇಟ್ ಕೊಡು, ಗೆಳೆತನದ ಲೆಕ್ಕ ಬೇಡ. ಲೈಟ್ ಎಲ್ಲಿ ಇಡಬೇಕು ಎಂದು ಮಂಟಪದಿಂದ ಕೈ ಮಾಡಿ ಹೇಳಬೇಡ. ಮದುವೆಯಾದ ಮೊದಲ ಹದಿನೈದು ದಿನಕ್ಕೆ ಯಾವ ಆರ್ಡರನ್ನೂ ಒಪ್ಪಬೇಡ, ಮುಹೂರ್ತ ಎಷ್ಟೇ ದೊಡ್ಡದಿರಲಿ.